ಏಳು ಸೆಕೆಂಡು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ನನ್ನ ತರಗತಿಯಲ್ಲಿ ನೊಣ ಕೂಡ ಸದ್ದು ಮಾಡುವಂತಿಲ್ಲ. ಅಂಥವಳ ಕೈಗೆ ಹೋದ ವರ್ಷ ಶಾಲೆಯವರು ಒಂದು ಆ್ಯಪ್ ಕೊಟ್ಟರು. ಮಕ್ಕಳು ಮನೆಯಲ್ಲಿ ಫೋನಿನಲ್ಲೇ ಲೆಕ್ಕ ನೋಡಿ ಉತ್ತರ ಒತ್ತಬೇಕು. ಯಾರದು ಸರಿ, ಯಾರದು ತಪ್ಪು, ಯಾರಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದೆಲ್ಲ ನನ್ನ ಪರದೆಯ ಮೇಲೆ ಸಾಲಾಗಿ ಬರುತ್ತದೆ. ಮೊದಮೊದಲು ಬೈದುಕೊಂಡೆ. ಆಮೇಲೆ ಅದೇ ಚಟವಾಯಿತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನೂ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಆ ಸಾಲುಗಳನ್ನು ನೋಡುತ್ತಿದ್ದೆ.

ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ, ಗುಬ್ಬಿ. ದನಿ ಅಷ್ಟು ಸಣ್ಣದು ಎಂದು ಆ ಹೆಸರಿಟ್ಟವಳು ನಾನೇ. ಅಪ್ಪ ಇಲ್ಲ, ಅಮ್ಮ ಆಸ್ಪತ್ರೆಯಲ್ಲಿ ಆಯಾ. ಆ ವರ್ಷದ ಗಣಿತ ಶಿಬಿರಕ್ಕೆ ನಮ್ಮ ಶಾಲೆಗೆ ಸಿಕ್ಕಿದ್ದು ಒಂದೇ ಸೀಟು. ದೊಡ್ಡ ಕಾಲೇಜಿನ ಪ್ರಾಧ್ಯಾಪಕರು ಒಂದು ತಿಂಗಳು ಪಾಠ ಮಾಡುತ್ತಾರೆ, ಅದೂ ಹತ್ತನೆಯವರಿಗೆ ಮಾತ್ರ. ಗುಬ್ಬಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, ತನ್ನ ಹೆಸರನ್ನೂ ಬರೆದುಕೊಳ್ಳುತ್ತೀರಾ ಎಂದು ಕೇಳಿದಳು. ಅವಳು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೊಂದೇ ಸಲ. ಆ್ಯಪಿನಲ್ಲಿ ಯಾರಿಗೆ ಹೆಚ್ಚು ಅಂಕವೋ ಅವರಿಗೆ ಸೀಟು ಎಂದು ಹೇಳಿ ಕಳಿಸಿದೆ.

ತಿಂಗಳಾದ ಮೇಲೆ ನೋಡಿದರೆ ಅವಳೇ ಮೊದಲು. ಸಂತೋಷಪಡುವುದು ಬಿಟ್ಟು ನಾನು ಪಕ್ಕದ ಕಾಲಂ ನೋಡಿದೆ. ಒಂದೊಂದು ಲೆಕ್ಕಕ್ಕೂ ಏಳೇ ಸೆಕೆಂಡು! ಪ್ರಶ್ನೆ ಓದಲಿಕ್ಕೇ ನನಗೆ ಇಪ್ಪತ್ತು ಬೇಕು. ನನ್ನ ಪಿತ್ತ ನೆತ್ತಿಗೇರಿತು.

ಪಕ್ಕಕ್ಕೆ ಕರೆದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಆ ಸಾಲನ್ನು ತರಗತಿಯ ದೊಡ್ಡ ಪರದೆಗೆ ಹಾಕಿ, ನಲವತ್ತು ಮಕ್ಕಳೆದುರು ಅವಳನ್ನು ನಿಲ್ಲಿಸಿದೆ.

"ಮೊದಲೇ ಮಾಡಿಟ್ಕೊಂಡಿದ್ದೆ ಮೇಡಂ," ಎಂದಳು.

"ನೀನು ಮಾಡಿಟ್ಕೊಂಡಿದ್ದೋ, ಯಾರಾದ್ರೂ ಮಾಡಿಕೊಟ್ಟಿದ್ದೋ?"

ತರಗತಿ ಗೊಳ್ಳೆಂದು ನಕ್ಕಿತು. ಆ ನಗು ನನಗೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. ಅವಳ ಅಂಕಗಳನ್ನೆಲ್ಲ ಅಳಿಸಿದೆ. ಸೀಟು ಎರಡನೆಯ ಸ್ಥಾನದವಳಿಗೆ ಹೋಯಿತು.

ಶಿಬಿರ ಶುರುವಾಗಿ ಹತ್ತು ದಿನವಾಗಿತ್ತು. ಗುಬ್ಬಿಯ ಅಮ್ಮ ಆಸ್ಪತ್ರೆಯ ಸಮವಸ್ತ್ರದಲ್ಲೇ ನನ್ನನ್ನು ಹುಡುಕಿಕೊಂಡು ಬಂದರು. ಜಗಳಕ್ಕೇ ಬಂದಿದ್ದಾರೆ ಎಂದುಕೊಂಡು ನಾನೂ ಸಿದ್ಧಳಾದೆ. ಅವರು ಜಗಳವಾಡಲಿಲ್ಲ. ಮಗಳು ಲೆಕ್ಕದ ಪುಸ್ತಕ ಮುಟ್ಟುತ್ತಿಲ್ಲ, ಕೇಳಿದರೆ ಕಾರಣ ಹೇಳುವುದಿಲ್ಲ ಎಂದರು. ಮನೆಯಲ್ಲಿರುವುದು ಒಂದೇ ಫೋನು, ಅದೂ ಹಗಲೆಲ್ಲ ಅವರ ಜೊತೆ ಆಸ್ಪತ್ರೆಯಲ್ಲಿ. ಸಂಜೆ ಮಗಳ ಕೈಗೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು, ಅಷ್ಟರಲ್ಲಿ ವಾರ್ಡಿನಿಂದ ಕರೆ ಬರುತ್ತದೆ. ಅದಕ್ಕೇ ಒಂದು ಸಂಜೆ ಪ್ರಶ್ನೆಗಳನ್ನಷ್ಟೇ ಬರೆದುಕೊಳ್ಳುತ್ತಿದ್ದಳಂತೆ. ಮಾರನೆಯ ದಿನ ಕಾಗದದ ಮೇಲೆ ಬಿಡಿಸಿಟ್ಟು, ಸಂಜೆ ಅಮ್ಮ ಬಂದ ಕೂಡಲೇ ಉತ್ತರಗಳನ್ನು ಒತ್ತಿಬಿಡುತ್ತಿದ್ದಳಂತೆ. ನನ್ನ ಆ್ಯಪು ಎಣಿಸಿದ್ದು ಆ ಒತ್ತಿದ ಹೊತ್ತನ್ನು ಮಾತ್ರ.

"ನನ್ನ ಫೋನಿಂದ ಏನಾದ್ರೂ ತೊಂದ್ರೆ ಆಯ್ತಾ ಮೇಡಂ?" ಎಂದು ಕೇಳಿ, ಚೀಲದಿಂದ ಕಾಗದದ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟರು.

ಆಸ್ಪತ್ರೆಯವರು ಬೇಡವೆಂದು ಬಿಸಾಡಿದ ಫಾರಂಗಳು, ದಾರದಿಂದ ಹೊಲಿದಿದ್ದವು. ಹಿಂಬದಿಯ ತುಂಬ ಲೆಕ್ಕ. ಕೆಲವನ್ನು ಎರಡು ದಾರಿಯಲ್ಲಿ ಬಿಡಿಸಿದ್ದಳು. ಒಂದರ ಕೆಳಗೆ ಸಣ್ಣಕ್ಷರದಲ್ಲಿ, 'ಇದಕ್ಕಿಂತ ಸುಲಭದ ದಾರಿ ಇದೆಯಾ, ಮೇಡಂನ ಕೇಳಬೇಕು' ಎಂದು ಬರೆದಿತ್ತು. ನನಗೆ ಆ ತಾಯಿಯ ಮುಖ ನೋಡುವ ಧೈರ್ಯ ಬರಲಿಲ್ಲ.

ಅವತ್ತೇ ಶಿಬಿರದವರಿಗೆ ಫೋನ್ ಮಾಡಿ ಗೋಗರೆದೆ. ನಡುವೆ ಸೇರಿಸಿಕೊಳ್ಳುವುದಿಲ್ಲ ಎಂದರು. ಮುಂದಿನ ವರ್ಷ ಅವಳು ಹತ್ತನೆಯಲ್ಲಿ ಇರುವುದಿಲ್ಲ. ಮಾರನೆಯ ದಿನ ಅದೇ ನಲವತ್ತು ಮಕ್ಕಳೆದುರು, ತಪ್ಪು ನನ್ನದು, ಕ್ಷಮಿಸು ಎಂದೆ. ಪರವಾಗಿಲ್ಲ ಮೇಡಂ ಎಂದಳು, ನೆಲ ನೋಡಿಕೊಂಡು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಈ ಗಾದೆಯನ್ನು ನಾನೇ ಎಷ್ಟು ಮಕ್ಕಳಿಗೆ ಹೇಳಿದ್ದೇನೋ.

ಮುಂದಿನ ವಾರ ಶಾಲೆಯ ಟ್ಯಾಬ್ಲೆಟ್ಟುಗಳಲ್ಲೇ ಕಿರುಪರೀಕ್ಷೆ ಇತ್ತು. ಬೆಂಚುಗಳ ನಡುವೆ ಓಡಾಡುತ್ತ ಗುಬ್ಬಿಯ ಹತ್ತಿರ ಬಂದೆ. ಅವಳ ಹಾಳೆಯ ಮೇಲೆ ಮೊದಲ ಲೆಕ್ಕ ಮುಗಿದಿತ್ತು, ಉತ್ತರ ಸರಿಯಾಗಿತ್ತು. ಟ್ಯಾಬ್ಲೆಟ್ಟಿನಲ್ಲಿ ಮಾತ್ರ ಇನ್ನೂ ಒತ್ತಿರಲಿಲ್ಲ. ಕೈ ಕಟ್ಟಿಕೊಂಡು ಗೋಡೆಯ ಗಡಿಯಾರ ನೋಡುತ್ತ ಕೂತಿದ್ದಳು.

"ಯಾಕಮ್ಮ, ಆಗಿದೆಯಲ್ಲ, ಒತ್ತು," ಎಂದೆ.

"ಇನ್ನೂ ಎರಡು ನಿಮಿಷ ಆಗ್ಬೇಕು ಮೇಡಂ," ಎಂದಳು.

ಬೇಡ ಮಗಳೇ ಎನ್ನಲು ಅವಳ ಕಡೆ ಬಾಗಿದೆ. ಅವಳು ಹೆದರಿ, ಕಾಗದದ ಮೇಲಿನ ಲೆಕ್ಕವನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು, ತಾನೇ ಮಾಡಿದ್ದು ಎಂದು.