ಕಲ್ಲೆಳೆಯುವ ಹಾಡು

"ಏಯ್ ಮುಂಡೇ, ಕುರ್ಚಿ ಮೇಲೆ ಕೂರೋಕೆ ನೀನೇನು ಧಣಿ ಅತ್ತೇನಾ? ಇಳಿ ಕೆಳಗೆ!"

ಮೇಸ್ತ್ರಿ ಗದರಿದ್ದೇ ತಡ, ಮುದುಕಿ ನೆಲಕ್ಕೆ ಜಾರಿದಳು. ಕುರ್ಚಿ ಹಾಕಿಸಿದ್ದು ಪಟ್ಟಣದ ಸಂಗ್ರಹಾಲಯದ ಮೇಡಂ. ಮುದುಕಿಯ ಸತ್ತ ಗಂಡ ಮೂವತ್ತು ವರ್ಷದ ಹಿಂದೆ ಹಾಡಿದ್ದ ಕಲ್ಲೆಳೆಯುವ ಹಾಡಿನ ರೆಕಾರ್ಡನ್ನು ಕಲ್ಲುಗಣಿಯವರಿಗೇ ಹಿಂತಿರುಗಿಸಲು ಆಕೆ ಬಂದಿದ್ದಳು. ಶೆಡ್ಡಿನ ತುಂಬ ಕೂಲಿಗಳು. ಎದುರಿಗೆ ಹಾರ ಹಾಕಿಸಿಕೊಂಡ ಧಣಿ.

ಸ್ಪೀಕರ್ ಗೊರಗುಟ್ಟಿತು. ಆಮೇಲೆ ಗಂಡನ ದನಿ.

"ಹಗ್ಗ ಹಳೇದು ಅಂದೋನ್ ಯಾರೋ?"

ದನಿ ನಿಂತಿತು. ಬರೀ ಗೊರಗೊರ.

"ಉಸಿರು ತಗೊಳ್ಳೋಕೆ ಎಷ್ಟು ಚೆನ್ನಾಗಿ ನಿಲ್ಲಿಸ್ತಾರೆ ನೋಡಿ," ಎಂದಳು ಮೇಡಂ.

ಉಸಿರಂತೆ, ಉಸಿರು! ಒಬ್ಬ ಕೇಳಬೇಕು, ಎಳೆಯುವವರು ಉತ್ತರ ಹೇಳಿ ಹಗ್ಗ ಜಗ್ಗಬೇಕು; ಆ ಹಾಡು ಇರುವುದೇ ಹಾಗೆ. ರೆಕಾರ್ಡು ಮಾಡಿದವರು ಗಂಡನೊಬ್ಬನನ್ನೇ ಕೂರಿಸಿ ಹಾಡಿಸಿದ್ದರು. ರೆಕಾರ್ಡಿನ ತುಂಬ ಬರೀ ಪ್ರಶ್ನೆ. ಯಂತ್ರ ಬಂದ ಮೇಲೆ ಹಾಡೂ ನಿಂತಿತ್ತು. ಉತ್ತರ ಬಲ್ಲ ನಾಲ್ಕೈದು ಮುದುಕರು ತಲೆ ತಗ್ಗಿಸಿ ಕೂತಿದ್ದರು.

ಹಗ್ಗ ಹಳೇದು ಅಂದವನು ಮುದುಕಿಯ ತಮ್ಮ. ಧಣಿ ಒದ್ದು ಎಳೆಸಿದ. ಹಗ್ಗ ಹರಿದು ಕಲ್ಲು ತಮ್ಮನ ಮೇಲೆ ಉರುಳಿತು. ಹೆಣವನ್ನು ಜಲ್ಲಿಯಡಿ ಮುಚ್ಚಿಸಿ, ಓಡಿಹೋದ ಎಂದು ಧಣಿ ಸುದ್ದಿ ಹಬ್ಬಿಸಿದ. ಗುಡಿಸಲು ಧಣಿಯದು, ಮಗ ದುಡಿಯುವುದೂ ಅವನಲ್ಲೇ. ನೀರಲ್ಲಿದ್ದು ಮೊಸಳೆಯ ಜೊತೆ ಹಗೆಯೇ? ಗಂಡ ಅದನ್ನು ಹಾಡಿನ ಪ್ರಶ್ನೆಗಳಲ್ಲಿ ಅಡಗಿಸಿಟ್ಟಿದ್ದ; ಮುದುಕಿ ಹೆತ್ತ ಮಗನಿಗೂ ಹೇಳಿರಲಿಲ್ಲ.

"ಒದ್ದು ಎಳಿಸ್ದೋನ್ ಯಾರೋ?"

ಧಣಿಯ ನಗು ಆರಿತು. "ಸಾಕು, ನಿಲ್ಸಿ."

"ಇನ್ನೂ ಇದೆ ಸರ್," ಎಂದಳು ಮೇಡಂ, ಏನೂ ಅರಿಯದೆ.

ಮುದುಕಿಗೆ ಜೀವಭಯ. ಪಕ್ಕದಲ್ಲಿ ಕೂತಿದ್ದ ಮಗ ತೋಳು ಹಿಡಿದ.

"ಯಾಕಮ್ಮಾ ಹಿಂಗೆ ನಡುಗ್ತಿದ್ದೀಯ?"

"ಕಲ್ಲಿನ ಕೆಳಗೆ ಮಲಗ್ದೋನ್ ಯಾರೋ?" ಸ್ಪೀಕರಿನಲ್ಲಿ ಗಂಡನ ದನಿ.

"ನನ್ ತಮ್ಮ!"

ಕೂಗಿದ್ದು ತಾನೇ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಮಗನ ಹಿಡಿತ ಸಡಿಲವಾಯಿತು. ಮೇಸ್ತ್ರಿ ನುಗ್ಗಿ ವೈರು ಕಿತ್ತ. ಗಂಡನ ದನಿ ನಿಂತುಹೋಯಿತು.

"ಸೂಳೆಮುಂಡೇ, ನಾಳೆ ಬೆಳಿಗ್ಗೆ ಗುಡಿಸಲು ಖಾಲಿ ಆಗಿರಬೇಕು!" ಧಣಿ ಎದ್ದು ನಿಂತಿದ್ದ.

ಮುದುಕಿ ಮೊಣಕಾಲೂರಿಕೊಂಡೇ ಕೂಲಿಗಳ ಕಡೆ ತಿರುಗಿ, ಮುಂದಿನ ಪ್ರಶ್ನೆಯನ್ನು ತಾನೇ ಕೇಳಿದಳು.

"ಹೆಣ ಮುಚ್ಚಿಸ್ದೋನ್ ಯಾರೋ?"

ಒಂದು ಸಲ ಹಗ್ಗ ಜಗ್ಗುವಷ್ಟು ಹೊತ್ತು ಕಾದಳು. ಮೇಸ್ತ್ರಿ ಅವಳತ್ತ ಬರುತ್ತಿದ್ದ. ಅವಳು ಮತ್ತೆ ಕೇಳಿದಳು.