ಗುಡಾರಕ್ಕೆ ಜಾಗ

ಮಾಮಿತ್ ಬೇಲಿಯ ಮೂರನೆಯ ಹಲಗೆಗೆ ಹಾರೆ ಹಾಕುವಷ್ಟರಲ್ಲಿ ಪಕ್ಕದ ಮನೆಯ ಎರ್ಗೆಶ್ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದ.

"ಏಯ್! ಯಾರಪ್ಪನ ಬೇಲಿ ಅಂತ ಕೀಳ್ತಿದೀಯ?"

"ಅಣ್ಣ ತೀರ್ಕೊಂಡಿದಾನೆ ಮಾರಾಯ. ಗುಡಾರ ಹಾಕ್ಬೇಕು. ಈ ಅಂಗಳದಲ್ಲಿ ಅರ್ಧ ಗುಡಾರಾನೂ ಹಿಡಿಯಲ್ಲ."

"ಮನೆಯೊಳಗೇ ಮಲಗ್ಸಿ. ಪಟ್ಟಣದಲ್ಲಿ ಈಗ ಎಲ್ರೂ ಹಾಗೇ ಮಾಡ್ತಾರೆ."

ಮಾಮಿತ್ ಬೆಟ್ಟದಿಂದ ಲಾರಿಯಲ್ಲಿ ಉಣ್ಣೆಗುಡಾರ ಹೇರಿಕೊಂಡು ಬಂದವನು. ಕುರಿ ಕಾಯ್ದು ಬೆಳೆದ ಅಣ್ಣನನ್ನು ಗುಡಾರದಲ್ಲಿ ಮಲಗಿಸದೆ ಕಳಿಸಿದರೆ ಅನಾಥ ಹೆಣ ಸಾಗಿಸಿದ ಹಾಗೆಯೇ. ಅಷ್ಟರಲ್ಲಿ ಸತ್ತ ಜಪರನ ಹೆಂಡತಿ ಬುರುಲ್ ಹೊರಗೆ ಬಂದಳು.

"ಒಂದಿನದ ಮಾತು, ಎರ್ಗೆಶ್. ನಾಳೆ ಬೇಲಿ ಮತ್ತೆ ನಿಲ್ಲತ್ತೆ."

"ಎಲ್ಲಿ ನಿಲ್ಲತ್ತೆ ಅಕ್ಕ? ಅದನ್ನ ಹೇಳಿ ಮೊದ್ಲು."

ಆ ಬೀದಿಯಲ್ಲಿ ಇದು ತಮಾಷೆಯ ಮಾತಲ್ಲ. ಬಿಷ್ಕೆಕ್ ಪಟ್ಟಣ ಹೊಲಗಳನ್ನೆಲ್ಲ ನುಂಗಿಕೊಂಡು ಇವರ ಮನೆಬಾಗಿಲಿಗೇ ಬಂದಿತ್ತು. ಕಟ್ಟಡದ ಧಣಿಗಳ ಆಳುಗಳು ದಿನವೂ ಟೇಪು ಹಿಡಿದು ಅಡ್ಡಾಡುತ್ತಿದ್ದರು. ಗೇಣು ನೆಲಕ್ಕೆ ಒಡಹುಟ್ಟಿದವರೇ ಕತ್ತಿನ ಪಟ್ಟಿ ಹಿಡಿಯುವಾಗ ನೆರೆಯವರನ್ನು ನಂಬುವವರು ಯಾರು!

ಬೀದಿಯ ಜನ ಸೇರಿ ಛೀ ಥೂ ಎನ್ನತೊಡಗಿದ ಮೇಲೆ ಎರ್ಗೆಶ್ ಒಪ್ಪಿದ. ಆದರೂ ಬೇಲಿಯಿದ್ದಲ್ಲಿ ಸುಣ್ಣದ ಗೆರೆ ಎಳೆದ. ಗುಡಾರ ಎದ್ದ ಮೇಲೆ, ಅದರಡಿಯಿಂದ ಬಾಗಿಲ ಪಕ್ಕ ಗೆರೆ ಹೊರಬರುವಲ್ಲಿ ಸಲಿಕೆ ಊರಿ ಕಾವಲು ನಿಂತ.

*

ಜಪರ್ ಪಟ್ಟಣಕ್ಕೆ ಬಂದ ಮೇಲೆ ಬಜಾರಿನಲ್ಲಿ ತಳ್ಳುಗಾಡಿ ತಳ್ಳಿ ಬದುಕಿದವನು. ಹಿಂದೊಂದು ರಜೆಯ ದಿನ ಅವನು ಬೇಲಿಯ ಬುಡದಲ್ಲಿ ಕೂತು ಕಂಬ ಅಲ್ಲಾಡಿಸುತ್ತಿದ್ದುದು ಎರ್ಗೆಶ್ ಕಣ್ಣಿಗೆ ಬಿತ್ತು.

"ವಾಲಿತ್ತು ಕಣೋ, ನೆಟ್ಟಗೆ ಮಾಡ್ತಿದೀನಿ."

"ಯಾರ ಕಡೆಗೆ ನೆಟ್ಟಗೆ?"

ಜಪರ್ ನಕ್ಕುಬಿಟ್ಟ. "ಕುರಿ ಇದ್ದಾಗ ಮೂರು ಬೆಟ್ಟ ಸುತ್ತಿದವನು ನಾನು. ನಿನ್ನ ಗೇಣು ನೆಲದಲ್ಲಿ ಏನ್ ಮೇಯಿಸ್ಲಿ?"

ಎರ್ಗೆಶ್ ನಂಬಲಿಲ್ಲ. ಅವತ್ತಿನಿಂದ ಇಬ್ಬರಿಗೂ ಮಾತು ನಿಂತಿತು.

*

ಮಧ್ಯಾಹ್ನ ಬೆಟ್ಟದ ದೂರದ ನೆಂಟರು ಬಂದರು. ರೂಢಿಯಂತೆ ಗಂಡಸರು ಗೇಟಿನಿಂದಲೇ ಕೂಗಿ ಅಳುತ್ತ ಓಡಿಬಂದರು. ಗುಡಾರದ ಹೊರಗೆ ಕೋಲೂರಿ ನಿಲ್ಲುವವರು ಸತ್ತವನ ರಕ್ತಸಂಬಂಧಿಗಳು. ಸಲಿಕೆ ಊರಿ ನಿಂತವನು ಅವರ ಕಣ್ಣಿಗೆ ಬೇರೆ ಯಾರಾಗಿ ಕಂಡಾನು? ಮುಂದಿದ್ದ ಮುದುಕ ಎರ್ಗೆಶ್‌ನನ್ನು ಬಾಚಿ ತಬ್ಬಿಕೊಂಡ.

"ಅಯ್ಯೋ, ನಿನ್ನ ಬೆನ್ನೇ ಮುರೀತಲ್ಲೋ ಮಗಾ!"

"ತಾತ, ನಾನು ಪಕ್ಕದ ಮನೆ..."

"ಅಳೋ! ಒಡಹುಟ್ಟಿದವನಿಗೆ ಅಳೋಕೆ ಎಂಥ ನಾಚಿಕೆ!"

ಕೂಗಿಗೆ ಕೂಗು ಕೊಡದಿದ್ದರೆ ಸತ್ತವನಿಗೆ ಅವಮಾನ. ಎರ್ಗೆಶ್ ಮೊದಲು ಬಾಯಿಮಾತಿಗೆ ಕೂಗಿದ. ಇನ್ನೊಬ್ಬ ತಬ್ಬಿದ, ಮತ್ತೊಬ್ಬ ತಬ್ಬಿದ. ಆಮೇಲೆ ಅದೇನಾಯಿತೋ, "ಅಣ್ಣಾ, ಒಂದು ಮಾತೂ ಆಡ್ದೆ ಹೋಗ್ಬಿಟ್ಯಲ್ಲಾ!" ಎಂದು ಹೋ ಎಂದು ಅತ್ತುಬಿಟ್ಟ.

ಗುಡಾರದೊಳಗೆ ಬುರುಲ್ ಅಳು ನಿಲ್ಲಿಸಿ ಕಿವಿಗೊಟ್ಟಳು. "ಇವತ್ತು ಅಣ್ಣ ಅಂತಾನೆ, ನಾಳೆ ಅಂಗಳದಲ್ಲಿ ಪಾಲು ಕೇಳ್ತಾನೆ, ನೋಡ್ತಿರು," ಎಂದು ಮಗಳಿಗೆ ಪಿಸುಗುಟ್ಟಿದಳು.

ಗಂಡಸರು ಶವ ಎತ್ತಿದರು. ಹೆಂಗಸರು ಖಬರಸ್ತಾನಕ್ಕೆ ಹೋಗುವಂತಿಲ್ಲ. ಹೆಗಲು ಕೊಡಲು ಹೊರಟ ಎರ್ಗೆಶ್ ಗಕ್ಕನೆ ನಿಂತು, ಅತ್ತಿತ್ತ ನೋಡಿ, ಸಲಿಕೆಯನ್ನು ಶವದ ಹಿಂದೆ ಹೊರಬಂದ ಬುರುಲಳ ಕೈಗೇ ಕೊಟ್ಟ.

"ಹೋಗ್ಬರ್ತೀನಿ ಅಕ್ಕ. ಅಲ್ಲೀವರೆಗೆ ಗೆರೆ ನೀವೇ ನೋಡ್ಕೊಳ್ಳಿ."

ಶವ ಬೀದಿಯ ತಿರುವು ದಾಟಿತು. ಬುರುಲ್ ಕೆಳಗೆ ನೋಡಿದಳು. ಅಳುತ್ತ ಬಂದವರ ಕಾಲ್ತುಳಿತಕ್ಕೆ ಸಿಕ್ಕಿ ಸುಣ್ಣದ ಗೆರೆ ಒಂದಿಷ್ಟೂ ಉಳಿದಿರಲಿಲ್ಲ. ಬೀದಿಯಲ್ಲಿ ಯಾರೂ ಇರಲಿಲ್ಲ. ಎರ್ಗೆಶ್ ಮನೆಯ ಕಿಟಕಿಯಲ್ಲೂ ಯಾರೂ ಇರಲಿಲ್ಲ. ಅವಳು ಗೆರೆಯಿದ್ದಲ್ಲಿಂದ ತನ್ನ ಅಂಗಳದೊಳಕ್ಕೆ ಒಂದು ಹೆಜ್ಜೆ ಹಿಂದೆ ಸರಿದು, ಅಲ್ಲಿ ಸಲಿಕೆ ಊರಿ ನಿಂತಳು.