ಅಬ್ಬಿ ನೀರು ಕುಡಿದ ಕಾರು

2024ರ ನವೆಂಬರ್ 18, ಸೋಮವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ಮಂಚಿಕೇರಿ ದಾಟಿದ ಏರಿನಲ್ಲಿ ಹೆಗ್ಗರಣೆಯ ದಿನಕರನ ಕಾರಿನ ಬಿಸಿ ತೋರಿಸುವ ಸೂಜಿ ಕೆಂಪು ಗೆರೆ ಮುಟ್ಟಿತು. ಅವನ ಹೆಂಡತಿ ರಾಜೀವಿಯ ಅಕ್ಕ ಯಲ್ಲಾಪುರದ ಆಸ್ಪತ್ರೆಯಲ್ಲಿ ಕೊನೆಯ ಗಳಿಗೆ ಎಣಿಸುತ್ತಿದ್ದಳು. ತಂಗಿಯನ್ನೇ ಕೇಳುತ್ತಿದ್ದಾಳೆಂದು ಫೋನು ಬಂದಿತ್ತು.

ಕಾರು ನಿಲ್ಲಿಸಿದ ದಿನಕರ ಕೈಗೆ ಟವೆಲ್ ಸುತ್ತಿಕೊಂಡು ಎಂಜಿನ್ ತಣಿಸುವ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಹೋದ.

“ಅಪ್ಪಚ್ಚಿ, ಮುಟ್ಟಡ,” ಎಂದಳು ಜೊತೆಗಿದ್ದ ಅಣ್ಣನ ಮಗಳು ಸ್ಫೂರ್ತಿ. ಶಿರಸಿಯಲ್ಲಿ ವಾಹನ ರಿಪೇರಿ ಕಲಿಸುವವಳು ಅವಳು. “ಕುದಿಯೋ ನೀರು ಮುಖಕ್ಕೇ ಹಾರ್ತು. ತಣಿಯಲೆ ಮುಕ್ಕಾಲು ಗಂಟೆ ಬೇಕು.”

“ಅಲ್ಲಿವರೆಗೆ ಅಕ್ಕನ ಜೀವ ಇರ್ತ?” ಎಂದಳು ಹಿಂದಿನ ಸೀಟಿನಲ್ಲಿದ್ದ ರಾಜೀವಿ.

ಸ್ಫೂರ್ತಿ ರೇಡಿಯೇಟರಿನ ಎರಡೂ ರಬ್ಬರ್ ಪೈಪುಗಳ ಹತ್ತಿರ ಅಂಗೈ ಹಿಡಿದು ನೋಡಿದಳು. “ಸೋರಿಕೆ ಇಲ್ಲೆ. ಫ್ಯಾನೂ ತಿರುಗಿದ್ದು. ಮೇಲಿನ ಪೈಪು ಸುಡ್ತು, ಕೆಳಗಿಂದು ತಣ್ಣಗಿದ್ದು. ನಡುವೆ ನೀರು ಹರಿತಾ ಇಲ್ಲೆ. ಇದಕ್ಕೆ ಎಂತ ಹಾಕಿದ್ದೆ?”

“ಮನೆ ಅಬ್ಬಿ ನೀರು. ಗುಡ್ಡದಿಂದ ಇಳಿದು ಬಪ್ಪ ನೀರು, ದೇವ್ರ ತಲೆ ಮೇಲೆ ಹಾಕ್ತ್ಯ. ಇದ್ರ ಹೊಟ್ಟೆಗೆ ಆಗ್ತಿಲ್ಯ?”

“ದೇವ್ರ ಕೆಳಗೆ ಬೆಂಕಿ ಇಲ್ಲೆ, ಅಪ್ಪಚ್ಚಿ. ಬಚ್ಚಲ ಹಂಡೆ ತಳದಲ್ಲಿ ಕೆಂಪು ಚಕ್ಕೆ ಕಟ್ಟಿದ್ದು ನೋಡಿದ್ದಿಲ್ಯ? ಅದೇ ಇಲ್ಲೂ ಕಟ್ಟಿದ್ದು.”

ಅರ್ಧ ಗಂಟೆಯ ಮೇಲೆ ಬಸ್ಸು ಬಂತು. ರಾಜೀವಿ ಗಂಡನ ಮುಖ ನೋಡದೆ ಹತ್ತಿ ಹೋದಳು. ದಿನಕರ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತ. ಹನ್ನೆರಡರ ಹೊತ್ತಿಗೆ ಅವಳ ಫೋನು ಬಂತು.

“ಅಕ್ಕ ಹೋತು. ಆನು ಬಪ್ಪಷ್ಟೊತ್ತಿಗೆ ಮುಖಕ್ಕೆ ಬಟ್ಟೆ ಮುಚ್ಚಿದ್ದ.”

ಮರುವಾರ ಶಿರಸಿಯ ಗ್ಯಾರೇಜಿನಲ್ಲಿ ರೇಡಿಯೇಟರ್ ಕಳಚಿದರು. ಒಳಗಿನ ಸಣ್ಣ ನಳಿಗೆಗಳೆಲ್ಲ ಕಟ್ಟಿಹೋಗಿದ್ದವು. ದಿನಕರ ತಾನೇ ನಿಂತು ತೊಳೆಸಿ, ಎಂಜಿನ್ ತಣಿಸಲೆಂದೇ ಮಾಡಿದ ಕೂಲಂಟ್ ದ್ರವ ತುಂಬಿಸಿದ.

“ಇನ್ನು ಅಬ್ಬಿ ನೀರು ಇದಕ್ಕೆ ಹಾಕ್ತ್ನಿಲ್ಲೆ,” ಎಂದ, ಕಾರನ್ನು ಮನೆಗೆ ತಂದು ಹೆಂಡತಿಗೆ.

“ಈ ಮಾತು ಮೊದ್ಲೇ ಹೇಳಕಾಗಿತ್ತು,” ಎಂದಳು ರಾಜೀವಿ.

ಬಂಧುಗಳೇ, ಕುಡಿಯಲು ಒಳ್ಳೆಯದಾದ ನೀರೆಲ್ಲ ಎಂಜಿನ್ನಿಗೆ ಒಳ್ಳೆಯದಲ್ಲ. ಕಾರಿನ ಕೈಪಿಡಿ ಹೇಳುವ ಕೂಲಂಟನ್ನೇ ಹಾಕಿಸಿ. ಎಂಜಿನ್ ತಣ್ಣಗಿರುವಾಗ ಅದರ ಮಟ್ಟ ನೋಡುತ್ತಿರಿ. ಸೂಜಿ ಏರಿದರೆ ಕೂಡಲೇ ನಿಲ್ಲಿಸಿ, ಎಂಜಿನ್ ಆರಿಸಿ. ಬಿಸಿ ಮುಚ್ಚಳ ತೆರೆಯಬೇಡಿ. ತುರ್ತಿನ ದಿನ ನಿಮಗೂ ಬರುತ್ತದೆ, ಅದಕ್ಕೆ ಮುಂಚೆಯೇ ಒಮ್ಮೆ ಪರೀಕ್ಷೆ ಮಾಡಿಸಿ.

ದಿನಕರನ ರೇಡಿಯೇಟರಿನಿಂದ ಬಂದ ಕೆಂಪು ಕೆಸರನ್ನು ಸ್ಫೂರ್ತಿ ಒಣಗಿಸಿ ತೂಗಿದಳು. ಅದರ ತೂಕ 140 ಗ್ರಾಂ.